ಎಡಕ್ಕ ಏಳು ಸುತ್ತು

ಬೆಳಗಾವಿ ಕೋರ್ಟಿನ ಕಂಪೌಂಡಿನಾಗ, ಬೇವಿನ ಗಿಡದ ಬುಡಕ
ನಂದೊಂದು ಟೇಬಲ್ಲು, ಹಳೇ ಕಂಪ್ಯೂಟರು,
ಮ್ಯಾಲೆ ನೀಲಿ ತಾಡಪತ್ರಿ.
ಅರ್ಜಿಗೆ ನೂರಾ ಇಪ್ಪತ್ತು, ಝೆರಾಕ್ಸು ಬ್ಯಾರೆ.
ಕ್ಯಾಂಪಿನ ನೀರಿನ ಕೇಸು ಚಾಲೂ ಆದಾಗಿಂದ
ನನ್ನ ಮನಿಯಾಗ ಎರಡೂ ಹೊತ್ತು ಒಲಿ ಹತ್ತತದ.
ಸುಳ್ಳು ಯಾಕ ಹೇಳ್ಲಿ.

ಸಾಹೇಬ್ರ ಅರಿವಿ ಒಗದ ಇಂದೂಬಾಯಿ ಪರೀಟ:
ಎಡಗಡೆ ಮೂತ್ರಪಿಂಡ ತಗದಾರ. ಪರಿಶಿಷ್ಟ ಅ, ನಂಬರ ಎರಡು.
ಮೆಸ್ಸಿನ ಅಡಗಿಯಂವ ಬಸ್ತ್ಯಾಂವ ರೊಡ್ರಿಗ್ಸ:
ರಕ್ತದ ಕ್ಯಾನ್ಸರು. ನಂಬರ ನಾಕು.
ಹವಾಲ್ದಾರ ಸಾವಂತನ ಹೇಣ್ತಿಗೆ ಮೂರು ಬಸಿರು ಇಳದಾವ.
ಎರಡು ಸಲ ಹುಡಿಕಿದೆ, ಪರಿಶಿಷ್ಟದಾಗ ಅದು ಇಲ್ಲ.
‘ಇತರೆ’ ಅಂತ ಹಾಕಿದೆ.
‘ಇತರೆ’ಕ್ಕ ರೊಕ್ಕ ಇಲ್ಲ ಅಂತ ಆಕಿಗೆ ಹೇಳಲಿಲ್ಲ.

ಎದುರಿನವರ ಜವಾಬು ಒಂದ ಸಾಲು:
ಸದರಿ ಬಾವಿಯಿಂದ ಕುಡಿಯುವ ನೀರು ಪೂರೈಸಿದ ದಾಖಲೆ ಇರುವುದಿಲ್ಲ.
ಬಾವಿ ಮುಚ್ಚಿ ಕಾಂಕ್ರೀಟು ಹಾಕ್ಯಾರ,
ಅದರ ಮ್ಯಾಲೆ ಸಂಜಿಮುಂದ ಬ್ಯಾಡ್ಮಿಂಟನ್ನು.
ಕುಡದ ನೀರು ಯಾವಾಗೋ ಬೆವರಾತು, ಉಚ್ಚಿ ಆತು.
ಅದು ಕಟಕಟಿಯಾಗ ಬಂದು ನಿಲ್ಲತದೇನು?

ಗುರುವಾರ, ಊಟದ ಹೊತ್ತಿಗೆ ಬಂದ.
ಖಡೇಬಜಾರದ ಯಾವದೋ ಸೀರಿ ಅಂಗಡಿ ಚೀಲ, ಒಳಗ ಮೂರು ಉದ್ದನ್ನ ರಜಿಸ್ಟರು.
ಹೆಸರು ದಸ್ತಗೀರ. ಅಡ್ಡಹೆಸರು ಪಖಾಲಿ.
ಅಜ್ಜನ ಅಜ್ಜ ತೊಗಲಿನ ಚೀಲದಾಗ ನೀರು ತುಂಬಿ
ಗೋರಾ ಸಾಹೇಬ್ರ ಬಂಗಲೆಕ್ಕ ಹೊತ್ತಾಂವ.
ಇಂವ ಹೊರಲಿಲ್ಲ. ವಾಲ್ವು ತಿರುವಿದ.
ಮೂವತ್ತೊಂದು ವರ್ಷ, ಮುಂಜಾನೆ ಐದಕ್ಕ
ಎಡಕ್ಕ ಏಳು ಸುತ್ತು.
ಆಮ್ಯಾಲೆ ಅರವತ್ತು ಕ್ವಾರ್ಟರ್ಸಿನ ನಲ್ಲಿ ಒಂದೊಂದ ಕೆಮ್ಮಿ ಏಳತಿದ್ದುವಂತ.

ಹಾನಿಗೊಳಗಾದವರು: ಹೇಣ್ತಿ ಹಾಜರಾ, ಹೋದ ವರ್ಷ.
ಮಗಳು ಶಮೀಮ, ಒಂಬತ್ತು ತುಂಬಿ ಹನ್ನೆರಡು ದಿನಕ್ಕ.
‘ದಿನಾನೂ ಬರಿ’ ಅಂದ.
ಬರದೆ.

ರಜಿಸ್ಟರು ತಗದು ಒಂದು ಪುಟದ ಮ್ಯಾಲೆ ಬಟ್ಟು ಇಟ್ಟ.
ಅವನದ ಅಕ್ಷರ, ಸಾಲಿಯಾಗ ತಿದ್ದಿದ ಹಂಗ ದುಂಡಗ:
*ವಾಸನಿ ಐತಿ. ಘಾಸಲೇಟಿನಂಗ. ಸಾಹೇಬರಿಗೆ ತಿಳಿಸಿದೆ.*
ಕೆಳಗಿನ ಸಾಲು, ಅದ ಶಾಯಿ:
*೫.೦೦ ಚಾಲೂ.*
ಮರುದಿನ *೫.೦೦ ಚಾಲೂ*.
ಪುಟ ತಿರುವಿದೆ. ಚಾಲೂ, ಚಾಲೂ,
ಹಬ್ಬದ ದಿನಾನೂ ಚಾಲೂ,
ಶಮೀಮ ಹೋದ ಮರುದಿನ ಒಂದ ಒಂದು *೬.೧೫*.

‘ಸಾಹೇಬ್ರು ಏನಂದ್ರು?’
‘ಕುದಿಸಿ ಕುಡೀರಿ ಅಂದ್ರು.
ಹಾಜರಾ ಕುದಿಸ್ತಿದ್ಲು ರೀ. ಭಾಳ ಚಲೋ ಕುದಿಸ್ತಿದ್ಲು.’

ಮೌಸಿನ ಮ್ಯಾಲಿಂದ ಕೈ ತಗದೆ.
‘ಕಾಕಾ, ಇದನ್ನ ಹಚ್ಚಿದ್ರ ನಲವತ್ತೆರಡೂ ಕೇಸು ನಿಲ್ತಾವ.
ಇಂದೂಬಾಯಿದು, ಬಸ್ತ್ಯಾಂವಂದು, ಎಲ್ಲಾರದು.
ಖರೆ, ಎದುರಿನ ವಕೀಲ ಮೊದಲ ನಿಮ್ಮನ್ನ ಕೇಳ್ತಾನ.
ವಾಸನಿ ಗೊತ್ತಿತ್ತಲ್ಲ, ಯಾಕ ತಿರುವಿದಿ ಅಂತ.’

‘ಕೇಳ್ಲಿ.
ಇಷ್ಟು ವರ್ಷ ಯಾರೂ ಕೇಳಿಲ್ಲ.
ಆಕಿ ಸೈತ ಕೇಳಲಿಲ್ಲ ರೀ.’

ಆಮ್ಯಾಲೆ ಸಣ್ಣ ದನಿಲೆ:
‘ನನ್ನ ಹೆಸರು ಎರಡೂ ಕಡೆ ಹಾಕ್ರಿ.
ಅರ್ಜಿ ಹಾಕಾಂವ, ಜವಾಬು ಕೊಡಾಂವ.’
ಫಾರ್ಮಿನಾಗ ಅದಕ್ಕ ಜಾಗ ಇಲ್ಲ ಅಂದೆ.
‘ಜಾಗ ಮಾಡ್ರಿ’ ಅಂದ.
ಕೋರಿದ ಪರಿಹಾರದ ಮೊತ್ತ ಅಂಬೋ ಕಡೆ
ಕರ್ಸರು ಮಿಣಮಿಣ ಅಂತಿತ್ತು.
ಇಬ್ಬರೂ ಅದನ್ನ ನೋಡಕೋತ ಕುಂತಿವಿ.
ಮ್ಯಾಲೆ ಕಾಗಿ ಏನೋ ಜಗಳಾಡತಿದ್ದುವು.

ನೂರಾ ಇಪ್ಪತ್ತು ಎಣಿಸಿ ಇಟ್ಟ. ಒಲ್ಲೆ ಅಂದ್ರ ಕೇಳಲಿಲ್ಲ.
ಬಿಸಲಾಗ ಬಂದಾನ ಅಂತ ನನ್ನ ಬಾಟ್ಲಿ ನೀರು ಕೊಟ್ಟೆ.
ಮುಚ್ಚಳ ತಗದ, ಮೂಗಿಗೆ ಹಿಡದ,
ಕಣ್ಣು ಮುಚ್ಚಿ ಹೊತ್ತು ಮಾಡಿ ಮೂಸಿದ.
ತಾ ಕುಡೀಲಿಲ್ಲ. ತಿರುಗಿ ನನ್ನ ಕೈಯಾಗ ಇಟ್ಟು
‘ಚಲೋ ಐತಿ’ ಅಂದ.
‘ನೀವು ಕುಡೀರಿ.’